ಮನೆ ನಮ್ಮದು, ತಂತಿ ಯಾರದು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಇಂದಿನ ದಿನಮಾನಗಳಲ್ಲಿ ಇದಕ್ಕೆ ‘ಕಟ್ಟಿದ ಮನೆಯನ್ನು ಕೊಂಡು ನೋಡು’ ಎಂಬುದನ್ನೂ ಸೇರಿಸಬೇಕಾಗಿದೆ. ಊರಿನ ಹೊಲದ ಒಂದು ಭಾಗವನ್ನು ಮಾರಿ, ಬ್ಯಾಂಕಿನ ಸಾಲವನ್ನು ಹೊತ್ತು, ಮಗನ ಅಥವಾ ಮಗಳ ಹೆಸರಿನಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಸರ್ಜಾಪುರ ರಸ್ತೆಯಲ್ಲೋ ಒಂದು ಫ್ಲಾಟನ್ನು ಕೊಳ್ಳುವ ತಂದೆತಾಯಿಗಳು ನಮ್ಮ ನಡುವೆ ಅನೇಕರಿದ್ದಾರೆ. ಅವರು ಕ್ರಯಪತ್ರ, ಋಣಭಾರ ಪತ್ರ, ಖಾತೆಗಳನ್ನು ವಕೀಲರಿಗೆ ತೋರಿಸುತ್ತಾರೆ. ಕಾವೇರಿ ನೀರು ಬರುವುದೋ ಟ್ಯಾಂಕರ್ ನೀರೇ ಗತಿಯೋ ಎಂದು ವಿಚಾರಿಸುತ್ತಾರೆ. ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವನ್ನೂ ಕೇಳುತ್ತಾರೆ. ಆದರೆ ಈ ಮನೆಗೆ ಅಂತರ್ಜಾಲದ ತಂತಿ ಯಾವ ಕಂಪನಿಯಿಂದ ಬರುತ್ತದೆ, ಅದು ಸರಿಬೀಳದಿದ್ದರೆ ಇನ್ನೊಂದು ಕಂಪನಿಯನ್ನು ಕರೆಯುವ ಸ್ವಾತಂತ್ರ್ಯ ನಮಗಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಮುಂಬಾಗಿಲು ಯಾವ ದಿಕ್ಕಿಗಿದೆ ಎಂಬುದರ ಚರ್ಚೆಗೆ ಕೊಡುವ ಹೊತ್ತಿನಲ್ಲಿ ಅರ್ಧವನ್ನು ಈ ಪ್ರಶ್ನೆಗೆ ಕೊಟ್ಟರೂ ಎಷ್ಟೋ ಕುಟುಂಬಗಳು ಮುಂದಿನ ತೊಂದರೆಯಿಂದ ಪಾರಾದಾವು.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಹಿರಿಯ ಓದುಗರು ಕೇಳಬಹುದು. ೨೦೨೦ರ ಮಹಾಮಾರಿಯ ಕಾಲದಿಂದೀಚೆಗೆ ಈ ತಂತಿ ಮನರಂಜನೆಯ ಸಾಧನವಾಗಿ ಮಾತ್ರ ಉಳಿದಿಲ್ಲ. ಮಗ ಅಥವಾ ಸೊಸೆಯ ಕಾಯಕ ಅದರ ಮೇಲೆ ನಡೆಯುತ್ತದೆ. ಮೊಮ್ಮಕ್ಕಳ ಪಾಠ, ಪರೀಕ್ಷೆಯ ಅರ್ಜಿ, ಬ್ಯಾಂಕಿನ ವ್ಯವಹಾರ, ಪರದೇಶದಲ್ಲಿರುವ ಮಗಳ ಮುಖದರ್ಶನ ಇವೆಲ್ಲಕ್ಕೂ ಅದೇ ಆಧಾರ. ನೀರು ನಿಂತರೆ ಟ್ಯಾಂಕರ್ ತರಿಸಬಹುದು, ವಿದ್ಯುತ್ತು ಹೋದರೆ ಜನರೇಟರ್ ಇದೆ. ತಂತಿ ಸತ್ತರೆ, ಬೇರೆ ತಂತಿಗೆ ಪ್ರವೇಶವೇ ಇಲ್ಲದ ಕಡೆ, ಕಾಯುವುದಲ್ಲದೆ ಬೇರೆ ಮಾರ್ಗವಿಲ್ಲ.

ನನಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರ ಮನೆಯ ಸಂಗತಿಯನ್ನು ಹೇಳಬಹುದು. ನಗರದ ಹೊರವಲಯದ ಹೊಸ ಸಂಕೀರ್ಣವೊಂದರಲ್ಲಿ ಅವರ ಮಗ ಫ್ಲಾಟು ಕೊಂಡಿದ್ದಾನೆ. ಸೊಸೆ ಮನೆಯಿಂದಲೇ ಕೆಲಸ ಮಾಡುವವಳು. ಒಮ್ಮೆ ಸಂಪರ್ಕ ಕೆಟ್ಟು ನಾಲ್ಕು ದಿನ ದುರಸ್ತಿಯಾಗಲಿಲ್ಲ; ಆಕೆ ದಿನವೂ ಆಟೋ ಹಿಡಿದು ತವರಿನವರ ಮನೆಗೆ ಹೋಗಿ ಕೆಲಸ ಮುಗಿಸಿ ಬಂದಳು. ಸಂಕೀರ್ಣದ ಕಾಂಪೌಂಡಿನ ಹೊರಗೆ, ಗೇಟಿನಿಂದ ಕೂಗಳತೆಯಲ್ಲಿ, ಮತ್ತೊಂದು ಕಂಪನಿಯ ತಂತಿ ಹಾದುಹೋಗಿತ್ತು. ಆ ಕಂಪನಿಯವರನ್ನು ಕರೆಸಿದರೆ ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ‘ಸರ್, ಬಿಲ್ಡರ್ ಆಫೀಸಿನಿಂದ ಆರ್ಡರ್ ಇದೆ, ಇಲ್ಲಿ ಒಂದೇ ಕಂಪನಿ’ ಎಂಬುದು ಅವನ ಉತ್ತರ. ಅವನದೇನೂ ತಪ್ಪಿಲ್ಲ. ಆ ಆಜ್ಞೆ ಎಲ್ಲಿ ಹುಟ್ಟಿತೆಂಬುದನ್ನು ನೋಡಬೇಕು.

ಅದಕ್ಕೆ ಮುನ್ನ ತಂತಿ ಮನೆಗೆ ಬರುವ ಬಗೆಯನ್ನು ತಿಳಿಯುವುದು ಒಳಿತು. ಇಂದು ಹೊಸ ಕಟ್ಟಡಗಳಿಗೆ ಬರುವುದು ಬಹುಮಟ್ಟಿಗೆ ತಾಮ್ರದ ತಂತಿಯಲ್ಲ, ಗಾಜಿನ ಎಳೆ. ಕೂದಲಿನಷ್ಟು ತೆಳುವಾದ ಆ ಎಳೆಯೊಳಗೆ ಬೆಳಕು ಸಂದೇಶವನ್ನು ಹೊತ್ತು ಸಾಗುತ್ತದೆ. ರಸ್ತೆಯಿಂದ ಬಂದ ಒಂದು ಎಳೆಯ ಬೆಳಕನ್ನು ಪುಟ್ಟ ಸಾಧನವೊಂದು ಹಲವಾಗಿ ಹಂಚುತ್ತದೆ. ಸಾಮಾನ್ಯವಾಗಿ ಒಂದು ಎಳೆಯಿಂದ ೩೨ ಮನೆಗಳವರೆಗೆ ಸೇವೆ ಕೊಡುವುದುಂಟು. ಹೀಗೆ ಹಂಚಿದ ಎಳೆಗಳು ಕಟ್ಟಡದ ನಡುವೆ ಮೇಲಿನಿಂದ ಕೆಳಗಿನವರೆಗೆ ಬಿಟ್ಟಿರುವ ಷಾಫ್ಟಿನ ಮೂಲಕ ಏರಿ ಪ್ರತಿ ಮಹಡಿಯಲ್ಲೂ ಹೊರಳಿ ಮನೆಯೊಳಗಿನ ಪೆಟ್ಟಿಗೆಯನ್ನು ಸೇರುತ್ತವೆ. ಗಮನಿಸಬೇಕಾದುದೇನೆಂದರೆ, ರಸ್ತೆಯಿಂದ ನಮ್ಮ ಕೋಣೆಯವರೆಗಿನ ಈ ದಾರಿಯಲ್ಲಿ ಗೇಟು, ನೆಲದೊಳಗಿನ ಕೊಳವೆ, ಷಾಫ್ಟು ಎಂಬ ಮೂರು ಇಕ್ಕಟ್ಟಿನ ಸ್ಥಳಗಳಿವೆ. ಇವು ಯಾರ ಕೈಯಲ್ಲಿರುವವೋ ತಂತಿಯೂ ಅವರ ಕೈಯಲ್ಲೇ. ನಿವಾಸಿಗಳ ಸಂಘಕ್ಕೆ ಕಟ್ಟಡ ಹಸ್ತಾಂತರವಾಗುವವರೆಗೆ ಈ ಮೂರೂ ಬಿಲ್ಡರನ ವಶದಲ್ಲಿರುತ್ತವೆ.

ಕಟ್ಟಡ ಇನ್ನೂ ಏಳುತ್ತಿರುವಾಗಲೇ ಕಂಪನಿಯೊಂದು ಬಿಲ್ಡರನ ಬಳಿಗೆ ಬರುತ್ತದೆ. ಒಳಗಿನ ಎಲ್ಲ ಕೇಬಲ್ಲನ್ನೂ ನಮ್ಮ ಖರ್ಚಿನಲ್ಲೇ ಎಳೆಯುತ್ತೇವೆ, ಇಷ್ಟು ವರ್ಷ ಬೇರೆಯವರನ್ನು ಒಳಗೆ ಬಿಡಬೇಡಿ ಎನ್ನುತ್ತದೆ. ಕೆಲವೊಮ್ಮೆ ಮನೆಗಿಷ್ಟು ಎಂದು ಹಣವೂ ಸಲ್ಲುವುದುಂಟು. ಬಿಲ್ಡರನಿಗೆ ಖರ್ಚು ಉಳಿಯಿತು, ತಲೆನೋವೂ ತಪ್ಪಿತು. ನ್ಯಾಯವಾಗಿ ಹೇಳುವುದಾದರೆ ಕಂಪನಿಯ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಮುನ್ನೂರು ಮನೆಗಳಿಗೆ ಮೊದಲೇ ತಂತಿ ಎಳೆದು, ಐವತ್ತೇ ಕುಟುಂಬಗಳು ಬಂದು ನೆಲೆಸಿದರೆ ಹಾಕಿದ ಬಂಡವಾಳ ಹಿಂದಿರುಗಲು ಬಹಳ ಕಾಲ ಬೇಕು. ಹತ್ತು ಕಂಪನಿಗಳು ಹತ್ತು ಸಲ ಅಂಗಳ ಅಗೆಯುವುದೂ ಯಾರಿಗೂ ಬೇಡ. ಆದರೆ ಆ ಬಂಡವಾಳವನ್ನು ಕಟ್ಟಕಡೆಗೆ ತೀರಿಸುವವರು ನಿವಾಸಿಗಳು. ಕರಾರಿಗೆ ಸಹಿ ಹಾಕಿದವರಲ್ಲಿ ಅವರೊಬ್ಬರೂ ಇಲ್ಲ. ಹಣ ಕೊಡುವವನನ್ನು ಹೊರಗಿಟ್ಟು ಇಬ್ಬರು ಮಾಡಿಕೊಂಡ ಒಪ್ಪಂದ ಇದು. ನನ್ನ ಆಕ್ಷೇಪಣೆ ಇರುವುದು ಇಲ್ಲಿ.

ಇದರಲ್ಲೊಂದು ವಿಪರ್ಯಾಸವೂ ಇದೆ. ನಮ್ಮ ಪೀಳಿಗೆಯವರಿಗೆ ದೂರವಾಣಿ ಎಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ವಸ್ತುವಾಗಿತ್ತು. ಕೊಡುವವನು ಸರಕಾರ ಒಬ್ಬನೇ. ೧೯೯೫ರ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆದಾಗಲೂ ಸ್ಥಿತಿ ಅದೇ. ೧೯೯೮ರಲ್ಲಿ ಖಾಸಗಿಯವರಿಗೂ ಈ ಕ್ಷೇತ್ರದ ಬಾಗಿಲು ತೆರೆಯಿತು. ಇಡೀ ದೇಶದಲ್ಲಿ ಹೀಗೆ ಮುರಿದ ಏಕಸ್ವಾಮ್ಯವು ಈಗ ಕಾಂಪೌಂಡಿನ ಗೋಡೆಯೊಳಗೆ ಖಾಸಗಿ ಕರಾರಿನ ರೂಪದಲ್ಲಿ ಮರುಹುಟ್ಟು ಪಡೆದಿದೆ. ಅಂದಿನ ಏಕಸ್ವಾಮ್ಯದ ವಿರುದ್ಧ ಲೋಕಸಭೆಯಲ್ಲಾದರೂ ಪ್ರಶ್ನೆ ಕೇಳಬಹುದಿತ್ತು.

ಕಾನೂನು ಕಣ್ಣುಮುಚ್ಚಿ ಕುಳಿತಿಲ್ಲ. ಆದರೆ ಅದರ ನಡಿಗೆ ನಿಧಾನ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ೨೦೧೭ರ ಜನವರಿಯಲ್ಲಿಯೇ ಕಟ್ಟಡಗಳೊಳಗಿನ ಪ್ರವೇಶವನ್ನು ಕುರಿತು ಕೇಂದ್ರ ಸರಕಾರಕ್ಕೆ ಶಿಫಾರಸುಗಳನ್ನು ಸಲ್ಲಿಸಿತು. ವಸತಿ ಸಂಕೀರ್ಣಗಳೊಳಗಿನ ಕೇಬಲ್ಲು, ಕೊಳವೆ ಮುಂತಾದವನ್ನು ಕಂಪನಿಗಳು ಕಡ್ಡಾಯವಾಗಿ ಪರಸ್ಪರ ಹಂಚಿಕೊಳ್ಳಬೇಕು. ಇತರರನ್ನು ತಡೆಯುವ ಏಕಮಾತ್ರ ಕರಾರನ್ನು ಲೈಸೆನ್ಸಿನ ಉಲ್ಲಂಘನೆ ಎಂದು ಭಾವಿಸಬೇಕು ಎಂಬುದು ಅದರ ಸಾರ. ಇದು ಸ್ಪಷ್ಟವಾದ ಮಾತು. ಆದರೆ ಶಿಫಾರಸು ಶಿಫಾರಸೇ. ಗೇಟಿನ ಕಾವಲುಗಾರನ ಮುಂದೆ ಹಿಡಿಯಲು ಅದು ಆದೇಶವಲ್ಲ. ಆ ಬಳಿಕ ಬಂದ ೨೦೨೩ರ ದೂರಸಂಪರ್ಕ ಅಧಿನಿಯಮದ ೧೩ನೆಯ ಪ್ರಕರಣವು, ತಂತಿ ಹಾಯಿಸುವ ಮಾರ್ಗದ ಹಕ್ಕನ್ನು ಭೇದಭಾವವಿಲ್ಲದೆ, ಮತ್ತು ಸಾಧ್ಯವಾದ ಮಟ್ಟಿಗೆ ಒಬ್ಬರಿಗೇ ಮೀಸಲಾಗದಂತೆ ಕೊಡಬೇಕೆಂದು ಹೇಳುತ್ತದೆ. ಈ ಪ್ರಕರಣ ೨೦೨೪ರ ಜೂನ್ ೨೬ರಿಂದ ಜಾರಿಯಲ್ಲಿದೆ. ‘ಸಾಧ್ಯವಾದ ಮಟ್ಟಿಗೆ’ ಎಂಬ ಎರಡು ಪದಗಳ ಸಂದಿನಲ್ಲಿ ಎಷ್ಟು ಕರಾರುಗಳು ನುಸುಳಬಲ್ಲವೆಂಬುದನ್ನು ನ್ಯಾಯಾಲಯಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಟ್ರಾಯ್ ಇನ್ನೊಂದು ನಿಯಮಾವಳಿಯನ್ನು ಹೊರಡಿಸಿ, ಕಟ್ಟಡಗಳಿಗೆ ಅವುಗಳ ದೂರಸಂಪರ್ಕ ವ್ಯವಸ್ಥೆಯ ಗುಣವನ್ನು ಅಳೆದು ನಕ್ಷತ್ರಗಳ ಶ್ರೇಣಿ ಕೊಡುವ ಏರ್ಪಾಟು ಮಾಡಿದೆ. ಫ್ರಿಜ್ಜಿನ ಮೇಲೆ ನಕ್ಷತ್ರಗಳಿರುವಂತೆ ಮನೆಗೂ ಬಂದಾವು. ಆದರೆ ಶ್ರೇಣಿ ಪಡೆಯುವುದು ಕಟ್ಟಡದವರ ಇಚ್ಛೆಗೆ ಬಿಟ್ಟದ್ದು.

ಈ ತೊಡಕು ನಮ್ಮಲ್ಲಿ ಮಾತ್ರ ಇರುವುದಲ್ಲ. ಹೊರದೇಶಗಳ ಅನುಭವ ನಮಗೆ ಪಾಠವಾಗುವಂತಿದೆ. ಅಮೆರಿಕದ ಸಂಪರ್ಕ ಆಯೋಗವು ೨೦೦೭-೦೮ರಲ್ಲಿಯೇ ಬಹುಮಹಡಿ ವಸತಿಗಳಲ್ಲಿ ಒಬ್ಬರಿಗೇ ಪ್ರವೇಶ ಕೊಡುವ ಕರಾರುಗಳನ್ನು ನಿಷೇಧಿಸಿತು. ವ್ಯವಹಾರಸ್ಥರು ಸುಮ್ಮನಿರಲಿಲ್ಲ. ಪ್ರವೇಶವನ್ನು ನಿಷೇಧಿಸದೆಯೇ, ಬಂದ ಆದಾಯದಲ್ಲಿ ಕಟ್ಟಡದೊಡೆಯನಿಗೆ ಪಾಲು ಕೊಡುವ, ಗ್ರಾಹಕರು ಹೆಚ್ಚಿದಷ್ಟೂ ಪಾಲಿನ ಪ್ರಮಾಣವೂ ಹೆಚ್ಚುವ ಒಪ್ಪಂದಗಳು ಹುಟ್ಟಿಕೊಂಡವು. ಬಾಗಿಲು ತೆರೆದೇ ಇದೆ, ಆದರೆ ಎರಡನೆಯವನು ಒಳಬಂದರೆ ಒಡೆಯನಿಗೆ ನಷ್ಟ! ೨೦೨೨ರ ಫೆಬ್ರವರಿಯಲ್ಲಿ ಆಯೋಗವು ಹಲವು ಬಗೆಯ ಇಂಥ ಪಾಲುದಾರಿಕೆಗಳನ್ನೂ ನಿಷೇಧಿಸಬೇಕಾಯಿತು. ‘ಏಕಮಾತ್ರ’ ಎಂಬ ಶಬ್ದವನ್ನು ಕರಾರಿನಿಂದ ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯದೆಂಬುದು ಇದರಿಂದ ತಿಳಿಯುತ್ತದೆ.

ಇಂಗ್ಲೆಂಡಿನದು ಬೇರೆ ಬಗೆ. ಅಲ್ಲಿ ೨೦೨೨ರ ಡಿಸೆಂಬರಿನಿಂದ ಹೊಸ ಮನೆ ಕಟ್ಟುವವರು ಅತಿವೇಗದ ಅಂತರ್ಜಾಲಕ್ಕೆ ಬೇಕಾದ ಕೊಳವೆಗಳನ್ನು ಹಾಕಲೇಬೇಕು. ಮನೆಯೊಂದಕ್ಕೆ ೨,೦೦೦ ಪೌಂಡುಗಳ ಮಿತಿಯೊಳಗೆ ಸಂಪರ್ಕವನ್ನೂ ಕಲ್ಪಿಸಬೇಕು. ಆದರೆ ತಂತಿ ಇರಬೇಕೆಂಬ ನಿಯಮ ಒಂದು, ಆಯ್ಕೆ ಇರಬೇಕೆಂಬುದು ಇನ್ನೊಂದು. ಆ ದೇಶದಲ್ಲಿ ನಾವು ಗಮನಿಸಬೇಕಾದ ಅಂಶ ಬೇರೊಂದಿದೆ. ಅಲ್ಲಿನ ಓಪನ್‌ರೀಚ್ ಎಂಬ ಸಂಸ್ಥೆ ತಂತಿಯನ್ನು ಹಾಕುತ್ತದೆ, ಮನೆಯವರಿಗೆ ತಾನೇ ಮಾರುವುದಿಲ್ಲ; ಅದೇ ತಂತಿಯ ಮೇಲೆ ಅನೇಕ ಕಂಪನಿಗಳು ಸೇವೆ ಮಾರುತ್ತವೆ. ತಂತಿ ಒಂದೇ ಆದರೂ ಅಂಗಡಿಗಳು ಹಲವು. ತಂತಿ ಎಳೆದವನೇ ಮಾರುವವನೂ ಆಗಿ, ಬೇರೆಯವರಿಗೆ ಅವಕಾಶವಿಲ್ಲದ ಬಡಾವಣೆಗಳಲ್ಲಿ ಮಾತ್ರ ಅಲ್ಲಿಯವರೂ ನಮ್ಮವರಂತೆಯೇ ಕಟ್ಟಿಬೀಳುತ್ತಾರೆ. ಆದ್ದರಿಂದ ಒಂದೇ ತಂತಿ ಇರುವುದು ತಾನಾಗಿ ದೋಷವಲ್ಲ. ಒಂದು ಖಾಲಿ ಕೊಳವೆಯನ್ನು ಬಿಡಿಸಿದ್ದರೆ, ಅಥವಾ ಒಳಗಿನ ಎಳೆ ಕಟ್ಟಡದ್ದೇ ಆಗಿದ್ದು ಯಾವ ಕಂಪನಿಯಾದರೂ ಅದಕ್ಕೆ ಜೋಡಿಸಿಕೊಳ್ಳುವಂತಿದ್ದರೆ ಅಂಗಳ ಅಗೆಯದೆ ಆಯ್ಕೆ ಉಳಿಯುತ್ತದೆ. ಕಟ್ಟುವ ಹೊತ್ತಿನಲ್ಲಿ ಕೊಳವೆಯ ಬೆಲೆ ಅಲ್ಪ. ಟೈಲ್ಸ್ ಹಾಕಿ ಮುಗಿದ ಮೇಲೆ ಅದೇ ಕೆಲಸಕ್ಕೆ ಹಲವು ಪಟ್ಟು ತೆರಬೇಕು.

ಈಚೆಗೆ ತಂತಿಯಿಲ್ಲದೆ, ೫ಜಿ ಗೋಪುರದ ಅಲೆಯಿಂದಲೇ ಮನೆಗೆ ಅಂತರ್ಜಾಲ ಕೊಡುವ ಸೇವೆಯೂ ಬಂದಿದೆ. ಗೋಪುರ ಹತ್ತಿರವಿದ್ದವರಿಗೆ ಅದೊಂದು ಉಪಾಯ. ಕಾಂಕ್ರೀಟಿನ ದಪ್ಪ ಗೋಡೆಗಳ ಹಿಂದೆ, ಬೇರೆ ಬ್ಲಾಕುಗಳ ಮರೆಯಲ್ಲಿರುವ ಕೆಳಮಹಡಿಯವರಿಗೆ ಅದರ ಪ್ರಯೋಜನ ಕಡಿಮೆ. ಅದರ ಪೆಟ್ಟಿಗೆಯನ್ನು ತಾರಸಿಯಲ್ಲೋ ಹೊರಗೋಡೆಯಲ್ಲೋ ಕೂರಿಸಬೇಕಾಗಿ ಬಂದರೆ ಮತ್ತೆ ಅನುಮತಿಯ ಮಾತು ಬರುತ್ತದೆ.

ಮನೆ ಕೊಳ್ಳುವ ಗೃಹಸ್ಥರು ಮುಂಗಡ ಕೊಡುವ ಮೊದಲೇ ಕೇಳಬೇಕಾದುದನ್ನು ಲಿಖಿತವಾಗಿ ಕೇಳಲಿ. ಈ ಸಂಕೀರ್ಣದಲ್ಲಿ ಎಷ್ಟು ಕಂಪನಿಗಳಿಗೆ ಪ್ರವೇಶವಿದೆ, ಯಾವುದಾದರೊಂದು ಕಂಪನಿಯೊಡನೆ ಕರಾರು ಆಗಿದೆಯೇ, ಅದರ ಅವಧಿ ಎಷ್ಟು, ಸಂಘಕ್ಕೆ ಹಸ್ತಾಂತರವಾದ ಮೇಲೆ ಅದು ಮುಂದುವರಿಯುವುದೇ ಎಂಬಿಷ್ಟಕ್ಕೆ ಉತ್ತರ ಬರಲಿ. ಮಾರಾಟ ವಿಭಾಗದ ಹುಡುಗ ‘ಎಲ್ಲ ಕಂಪನಿಯೂ ಬರುತ್ತೆ ಅಂಕಲ್’ ಎಂದು ನಗುತ್ತ ಹೇಳುವ ಮಾತು ಉತ್ತರವಲ್ಲ. ಸಾಧ್ಯವಾದರೆ ಅದೇ ಬಿಲ್ಡರ್ ಕಟ್ಟಿದ ಹಿಂದಿನ ಸಂಕೀರ್ಣಕ್ಕೆ ಹೋಗಿ ಅಲ್ಲಿನ ನಿವಾಸಿಗಳನ್ನು ವಿಚಾರಿಸಬೇಕು. ಅರ್ಧ ಗಂಟೆಯ ಕೆಲಸ.

ಈಗಾಗಲೇ ನೆಲೆಸಿದವರ ಮುಂದಿರುವುದು ಸಂಘದ ದಾರಿ. ೨೦೧೬ರ ಸ್ಥಿರಾಸ್ತಿ ಅಧಿನಿಯಮ, ಜನರು ರೇರಾ ಎಂದು ಕರೆಯುವ ಕಾಯಿದೆಯು, ನಿವಾಸಿಗಳ ಸಂಘ ರಚನೆಯಾಗುವಂತೆ ಮಾಡುವ ಹೊಣೆಯನ್ನೂ ಸಾಮಾನ್ಯ ಸ್ಥಳಗಳ ದಾಖಲೆಪತ್ರಗಳನ್ನು ಸಂಘಕ್ಕೆ ಒಪ್ಪಿಸುವ ಹೊಣೆಯನ್ನೂ ಬಿಲ್ಡರನ ಮೇಲೆ ಹೊರಿಸಿದೆ. ಕೊಳವೆ, ಷಾಫ್ಟುಗಳು ಯಾರೊಬ್ಬರ ಸ್ವಂತವೂ ಅಲ್ಲದ ಸಾಮಾನ್ಯ ಸ್ಥಳಗಳು. ಇಲ್ಲೊಂದು ಎಚ್ಚರವನ್ನೂ ಹೇಳಬೇಕು. ಬಿಲ್ಡರನನ್ನು ದೂರಿ ಅಧಿಕಾರಕ್ಕೆ ಬಂದ ಸಂಘದ ಸಮಿತಿಯೇ, ನಿರ್ವಹಣೆಯ ವೆಚ್ಚಕ್ಕೆ ಸ್ವಲ್ಪ ಹಣ ಬರುವುದೆಂದು, ಅದೇ ಕಂಪನಿಗೆ ಅದೇ ಏಕಸ್ವಾಮ್ಯವನ್ನು ನವೀಕರಿಸುವುದುಂಟು. ಸ್ಥಳದ ಬಾಡಿಗೆಯನ್ನು ಎಲ್ಲ ಕಂಪನಿಗಳಿಂದ ಒಂದೇ ದರದಲ್ಲಿ ಪಡೆದು ಲೆಕ್ಕದಲ್ಲಿ ತೋರಿಸುವುದಕ್ಕೆ ಅಡ್ಡಿಯಿಲ್ಲ. ಆಯ್ಕೆಯನ್ನೇ ಮಾರಿ ಬಾಡಿಗೆ ಎಂದು ಬರೆಯುವುದಕ್ಕೆ ಸರ್ವಸದಸ್ಯರ ಸಭೆ ಒಪ್ಪಬಾರದು. ಹಸ್ತಾಂತರದ ದಿನ ಲಿಫ್ಟು, ಜನರೇಟರು, ಅಗ್ನಿಶಾಮಕ ವ್ಯವಸ್ಥೆ, ಕೊಳಚೆ ನೀರು ಶುದ್ಧೀಕರಣ ಘಟಕ ಇವುಗಳ ಕಾಗದಗಳ ಪಟ್ಟಿಯನ್ನು ಸಮಿತಿಯವರು ತಪ್ಪದೆ ಹಿಡಿದು ಕೂರುತ್ತಾರೆ. ಅಂತರ್ಜಾಲ ಕಂಪನಿಯೊಡನೆ ಆಗಿರುವ ಕರಾರಿನ ಪ್ರತಿ ಮತ್ತು ಕೊಳವೆಗಳು ಹಾದುಹೋಗಿರುವ ನಕ್ಷೆ, ಈ ಎರಡನ್ನೂ ಅದೇ ಪಟ್ಟಿಗೆ ಸೇರಿಸಿ ಕೇಳಿ ಪಡೆಯಬೇಕು.