ನಿಮಗಿದು ಗೊತ್ತೆ? ಗೆಲಾಕ್ಸಿ ಹುಡುಕಿದ ಕ್ಯಾಮೆರಾ ಲೆನ್ಸ್!

ಕ್ರಿಕೆಟ್ ಪಂದ್ಯದ ವೇಳೆ ಬೌಂಡರಿ ಗೆರೆಯಾಚೆ ಛಾಯಾಗ್ರಾಹಕರು ಹಿಡಿದು ಕೂರುವ ದಪ್ಪ ಬಿಳಿ ಲೆನ್ಸ್‌ನಿಂದಲೇ ವಿಜ್ಞಾನಿಗಳು ಹೊಸ ಗೆಲಾಕ್ಸಿಗಳನ್ನು ಪತ್ತೆ ಮಾಡಿದ್ದಾರೆ! ಅಂಗಡಿಯಲ್ಲೇ ಸಿಗುವ ಕ್ಯಾನನ್ 400 ಮಿ.ಮೀ. ಎಫ್/2.8 ಟೆಲಿಫೋಟೊ ಲೆನ್ಸ್ ಅದು. ಝೂಮ್ ಇಲ್ಲ, ಆದರೆ ಬೆಳಕು ಹೀರುವ ಬಾಯಿ ಸುಮಾರು 14 ಸೆಂ.ಮೀ. ಅಗಲ.

ಯೇಲ್ ವಿಶ್ವವಿದ್ಯಾಲಯದ ಪೀಟರ್ ವಾನ್ ಡೊಕ್ಕಮ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ರಾಬರ್ಟೊ ಏಬ್ರಹಾಂ ಇಂಥ ಲೆನ್ಸ್‌ಗಳನ್ನು ಗುಂಪಾಗಿ ಜೋಡಿಸಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆಕಾಶಕ್ಕೆ ತಿರುಗಿಸಿದರು. ಹೆಸರು ‘ಡ್ರ್ಯಾಗನ್‌ಫ್ಲೈ’. ಎಲ್ಲ ಲೆನ್ಸ್‌ಗಳೂ ಆಕಾಶದ ಒಂದೇ ಭಾಗವನ್ನು ನೋಡುತ್ತವೆ. ಆ ಚಿತ್ರಗಳನ್ನು ಕಂಪ್ಯೂಟರ್ ಒಂದರ ಮೇಲೊಂದು ಕೂಡಿಸುತ್ತದೆ. ಇಷ್ಟು ಸರಳವೂ ಚೆಂದವೂ ಆದ ಉಪಾಯ ಅಪರೂಪ.

ದೊಡ್ಡ ದೂರದರ್ಶಕಗಳಿರುವಾಗ ಇದೇಕೆ? ಅವುಗಳ ಕನ್ನಡಿಗಳು ನಕ್ಷತ್ರದ ಬೆಳಕನ್ನು ಒಂದಿಷ್ಟು ಚದುರಿಸುತ್ತವೆ. ತೀರಾ ಮಸುಕಾದ ಗೆಲಾಕ್ಸಿ ಆ ಮಬ್ಬಿನಲ್ಲಿ ಮುಳುಗಿಹೋಗುತ್ತದೆ. ಈ ಲೆನ್ಸ್‌ನ ಗಾಜಿನ ಮೇಲಿರುವ ಅತಿ ಸೂಕ್ಷ್ಮ ಲೇಪನ ಬೆಳಕು ಚದುರದಂತೆ ತಡೆಯುತ್ತದೆ. ದೊಡ್ಡ ದೂರದರ್ಶಕಗಳಲ್ಲಿರುವಂತೆ ಬೆಳಕಿನ ದಾರಿಗೆ ಅಡ್ಡ ನಿಲ್ಲುವ ಎರಡನೇ ಕನ್ನಡಿಯೂ ಇದರಲ್ಲಿಲ್ಲ.

ಎಂಟೇ ಲೆನ್ಸ್‌ಗಳು ತೆಗೆದ ಚಿತ್ರಗಳಲ್ಲಿ, ಕೋಮಾ ಗೆಲಾಕ್ಸಿ ಗುಚ್ಛದ ಕಡೆ, ಇಂಥ 47 ಮಸುಕು ಗೆಲಾಕ್ಸಿಗಳು ಸಿಕ್ಕಿದ್ದು ಪ್ರಕಟವಾದದ್ದು 2015ರಲ್ಲಿ. ಅವುಗಳಲ್ಲಿ ‘ಡ್ರ್ಯಾಗನ್‌ಫ್ಲೈ 44’ ಗಾತ್ರದಲ್ಲಿ ನಮ್ಮ ಕ್ಷೀರಪಥಕ್ಕೆ ಸಾಟಿ. ನಕ್ಷತ್ರಗಳು ಮಾತ್ರ ಕ್ಷೀರಪಥದ ನೂರರಲ್ಲಿ ಒಂದು ಪಾಲಿನಷ್ಟು!

ಆಮೇಲೆ ಲೆನ್ಸ್‌ಗಳ ಸಂಖ್ಯೆ 48ಕ್ಕೆ ಏರಿತು. ಎಲ್ಲ ಸೇರಿದರೆ ಸುಮಾರು 1 ಮೀಟರ್ ಅಗಲದ ಒಂದೇ ಲೆನ್ಸ್‌ಗೆ ಸಮ.