ಗಲ್ಲಾಪೆಟ್ಟಿಗೆಯಲ್ಲಿನ ದ್ವೀಪ

ಕೆಂಪು ಕಿತ್ತಳೆ ಬಣ್ಣದ ಹಳೆಯ 20 ರೂಪಾಯಿ ನೋಟನ್ನು ಎಣಿಸದ ವರ್ತಕರಿಲ್ಲ. ಅದರ ಹಿಂಬದಿಯನ್ನು ನಿಂತು ನೋಡಿದವರು ವಿರಳ. ಮುಂದೆ ತೆಂಗಿನ ಮರಗಳು, ನಡುವೆ ಕೊಲ್ಲಿ, ಆಚೆ ದಡದಲ್ಲಿ ದೀಪಸ್ತಂಭ. ಅದು ಅಂಡಮಾನಿನ ನಾರ್ತ್ ಬೇ. 2019ರ ಹೊಸ ನೋಟಿನಲ್ಲಿ ಎಲ್ಲೋರ ಬಂದಿದ್ದರೂ ಹಳೆಯದು ಇಂದಿಗೂ ಸಲ್ಲುತ್ತದೆ.

2021ರಲ್ಲಿ ಮೌಂಟ್ ಮಣಿಪುರವೆಂದು ಹೆಸರು ಬದಲಾದ ಮೌಂಟ್ ಹ್ಯಾರಿಯೆಟ್ ಬೆಟ್ಟದ ಹಾದಿಯಲ್ಲಿ ಪ್ರವಾಸಿಗರು ಈ ನೋಟನ್ನೇ ಎದುರು ಹಿಡಿದು ಛಾಯಾಚಿತ್ರ ತೆಗೆಯುತ್ತಾರೆ. ಎತ್ತರದಿಂದ ತಿಳಿನೀರಿನ ಹಸಿರೂ ಆಳದ ನೀಲಿಯೂ ಬೇರೆಬೇರೆಯಾಗಿ ತೋರುತ್ತವೆ. ಆದರೆ ಕಡಲಿನ ತೇವಾಂಶದ ಮಬ್ಬು ದೂರದ ದಡವನ್ನು ಮಸುಕಾಗಿಸುತ್ತದೆ. ಮಳೆ ತೊಳೆದ ಮುಂಜಾವು, ನೀರಿನ ಹೊಳಪನ್ನು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್, ಚೌಕಟ್ಟಿನೊಳಗೆ ಹತ್ತಿರದ ಒಂದು ಮರ: ಇಷ್ಟಿದ್ದರೆ ಚಿತ್ರಕ್ಕೆ ಆಳ ಬರುತ್ತದೆ.

ವಾರ್ಷಿಕ ಕ್ಯಾಲೆಂಡರ್ ಮುದ್ರಿಸುವ ಸದಸ್ಯರು ಒಂದನ್ನು ಗಮನಿಸಬೇಕು. ದೃಶ್ಯವನ್ನು ಅಚ್ಚು ಹಾಕಿಸಲು ಅಡ್ಡಿಯಿಲ್ಲ. ನೋಟನ್ನೇ ಹೋಲುವ ಮುದ್ರಣ ಭಾರತೀಯ ನ್ಯಾಯ ಸಂಹಿತೆಯ 182ನೇ ಕಲಮಿನಡಿ ಅಪರಾಧ. ದಂಡ 300 ರೂಪಾಯಿಯವರೆಗೆ ಮಾತ್ರ, ನಿಜ. ಆದರೆ ಅಚ್ಚಾದ ಸಾವಿರಾರು ಪ್ರತಿಗಳು ಹಂಚಲಾಗದೆ ಗೋದಾಮಿನಲ್ಲೇ ಉಳಿದರೆ ಆ ವೆಚ್ಚ ಮಾಲೀಕರದೇ.