ಕರಾರಿನಲ್ಲಿದ್ದ ಮಧ್ಯಸ್ಥಿಕೆ ಕೈತಪ್ಪುವುದು ಯಾವಾಗ?

ಇಳಕಲ್ಲಿನ ಕೆಂಪು ಗ್ರಾನೈಟ್ ವ್ಯಾಪಾರಿಯೊಬ್ಬರು ಲಾರಿ ಮಾಲೀಕರೊಬ್ಬರೊಡನೆ ಸಾಗಣೆಯ ಕರಾರು ಮಾಡಿಕೊಂಡರು ಎಂದಿಟ್ಟುಕೊಳ್ಳಿ. 'ವ್ಯಾಜ್ಯ ಬಂದರೆ ಮಧ್ಯಸ್ಥಗಾರರು ತೀರ್ಮಾನಿಸತಕ್ಕದ್ದು' ಎಂಬ ಷರತ್ತು ಅದರಲ್ಲಿದೆ. ಬಾಡಿಗೆ ಬಾಕಿ ಉಳಿಯಿತು. ಲಾರಿ ಮಾಲೀಕರು ಷರತ್ತನ್ನು ಬದಿಗಿಟ್ಟು ನೇರವಾಗಿ ನ್ಯಾಯಾಲಯದಲ್ಲಿ ದಾವೆ ಹೂಡಿದರು. ವ್ಯಾಪಾರಿ ಈಗ ಏನು ಮಾಡಬೇಕು?

ಮಧ್ಯಸ್ಥಿಕೆ ಬೇಕೆಂದಿದ್ದರೆ ಕೂಡಲೇ ಕೇಳಬೇಕು. 1996ರ ಮಧ್ಯಸ್ಥಿಕೆ ಕಾಯಿದೆಯ 8ನೆಯ ಕಲಮು ಇದಕ್ಕೊಂದು ಗಡಿ ಹಾಕಿದೆ. ವಿವಾದದ ತಿರುಳಿನ ಬಗ್ಗೆ ತನ್ನ ಮೊದಲ ಹೇಳಿಕೆ ಸಲ್ಲಿಸುವ ದಿನದೊಳಗೆ ಅರ್ಜಿ ಕೊಡಬೇಕು. ಜೊತೆಗೆ ಮೂಲ ಕರಾರು ಅಥವಾ ಅದರ ದೃಢೀಕೃತ ನಕಲು ಇರಬೇಕು. 'ನಾನು ಬಾಕಿ ಕೊಡಬೇಕಾಗಿಲ್ಲ' ಎಂದು ಕೈಫಿಯತ್ತು ಸಲ್ಲಿಸಿ, ಸಾಕ್ಷಿ ವಿಚಾರಣೆಗೂ ಹಾಜರಾಗಿ, ದಾವೆ ತನಗೆ ವಿರುದ್ಧವಾಗಿ ತಿರುಗುತ್ತಿದೆ ಅನ್ನಿಸಿದಾಗ ಷರತ್ತನ್ನು ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಟೈಟ್ರೇಷನ್ ಮಾಡಿದವರಿಗೆ ಇದು ಬೇಗ ಅರ್ಥವಾದೀತು: ಬಣ್ಣ ತಿರುಗಿದ ಮೇಲೆ ಹನಿಯನ್ನು ಹಿಂದಕ್ಕೆ ತೆಗೆಯಲಾಗದು.

ಹಾಗೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ತಾತ್ಕಾಲಿಕ ತಡೆಯಾಜ್ಞೆ ಬೇಡವೆಂದು ವಾದಿಸುವುದು ವಿವಾದದ ತಿರುಳಿಗೆ ಉತ್ತರ ಕೊಟ್ಟಂತಲ್ಲ ಎಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಇಸ್ಪಾತ್ ನಿಗಮದ ಪ್ರಕರಣದಲ್ಲಿ 2006ರಲ್ಲಿ ಹೇಳಿತು.

ಈಗ ಇದೇ ನಾಣ್ಯದ ಇನ್ನೊಂದು ಮುಖ ನೋಡೋಣ. ಶಿವಯೋಗ ಮಂದಿರದ ಪಕ್ಕದಲ್ಲಿ ಹರಿಯುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಕೃಷ್ಣೆಯ ಮೇಲ್ದಂಡೆ ಯೋಜನೆಯನ್ನು ನಡೆಸುವುದು ಕೃಷ್ಣಾ ಭಾಗ್ಯ ಜಲ ನಿಗಮ. ನಿಗಮಕ್ಕೂ ಗುತ್ತಿಗೆದಾರರೊಬ್ಬರಿಗೂ ಹಣದ ತಕರಾರು ಬಂದಾಗ ಮುಖ್ಯ ಎಂಜಿನಿಯರರೇ ಮಧ್ಯಸ್ಥಗಾರರಾದರು. ತೀರ್ಪು ಗುತ್ತಿಗೆದಾರರ ಕಡೆಗಾಯಿತು. ಮೇಲಿನ ಕೋರ್ಟಿಗೆ ಹೋದ ನಿಗಮ, ಕರಾರಿನ 29ನೆಯ ಷರತ್ತು ಮಧ್ಯಸ್ಥಿಕೆಯ ಷರತ್ತೇ ಅಲ್ಲವೆಂದು ವಾದಿಸಿತು.

2007ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಷರತ್ತಿನ ಮಾತುಗಳಿಗಿಂತ ನಿಗಮದ ನಡವಳಿಕೆಯೇ ಅಲ್ಲಿ ಹೆಚ್ಚು ತೂಗಿತು. ಮುಖ್ಯ ಎಂಜಿನಿಯರರ ನೇಮಕಕ್ಕೆ ನಿಗಮ ಒಪ್ಪಿತ್ತು, ಅವರ ಮುಂದೆ ಲಿಖಿತ ಹೇಳಿಕೆ ಸಲ್ಲಿಸಿತ್ತು, ವಿಚಾರಣೆಯಲ್ಲಿ ಭಾಗವಹಿಸಿತ್ತು. ತಕರಾರನ್ನು ಅಲ್ಲೂ ಎತ್ತಲಿಲ್ಲ, ಆಮೇಲೆ ಸಿವಿಲ್ ನ್ಯಾಯಾಲಯದಲ್ಲೂ ಎತ್ತಲಿಲ್ಲ. ನಿಗಮಕ್ಕೆ ಸ್ವಲ್ಪ ಉಪಶಮನವೇನೋ ಸಿಕ್ಕಿತು. ಬಡ್ಡಿ ಶೇಕಡಾ 18ರಿಂದ 9ಕ್ಕೆ ಇಳಿಯಿತು. ಮಧ್ಯಸ್ಥಿಕೆಯ ತೀರ್ಪು ಮಾತ್ರ ಬೀಳಲಿಲ್ಲ.

ಕಾಯಿದೆಯ 16ನೆಯ ಕಲಮು ನಿಗಮದಂಥವರಿಗೆ ದಾರಿ ತೆರೆದೇ ಇಟ್ಟಿದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಮಧ್ಯಸ್ಥಗಾರರನ್ನು ನೇಮಿಸುವಲ್ಲಿ ಕೈಜೋಡಿಸಿದವರೂ 'ನಿಮಗೆ ಅಧಿಕಾರವಿಲ್ಲ' ಎಂದು ಅವರೆದುರೇ ಹೇಳಬಹುದು. ಆದರೆ ತಮ್ಮ ಪ್ರತಿವಾದ ಸಲ್ಲಿಸುವುದರೊಳಗೆ ಹೇಳಬೇಕು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಮಧ್ಯಸ್ಥಗಾರರು ಅದನ್ನು ಮನ್ನಿಸಲೂಬಹುದು. ಅವರು ತಕರಾರನ್ನು ತಳ್ಳಿಹಾಕಿದರೂ ವಿಚಾರಣೆಯಲ್ಲಿ ಭಾಗವಹಿಸಿ, ಕೊನೆಗೆ ತೀರ್ಪಿನ ವಿರುದ್ಧ ನ್ಯಾಯಾಲಯಕ್ಕೆ ಹೋದಾಗ ಅದೇ ಮಾತನ್ನು ಮತ್ತೆ ಎತ್ತಬಹುದು.